ರಿಪೇರಿ ಬಿಚ್ಚಿ ಕಟ್ಟಿದ ಸಂಗ್ರಹ: ಜರ್ಮನ್ ಸ್ಟೋನ್‌ವೇರ್ ಜೊತೆ ನನ್ನ ಅನುಭವ

ಹಳೆಯ ಸ್ಟೋನ್‌ವೇರ್ (ಕಲ್ಲಿನಂತೆ ಗಟ್ಟಿಯಾಗಿ ಸುಟ್ಟ ಮಣ್ಣಿನ ಪಾತ್ರೆ) ಸಂಗ್ರಹಿಸುವವರು ಹೊಸಬರಿಗೆ ಹೇಳುವ ಮೊದಲ ಬುದ್ಧಿಮಾತು ಒಂದೇ: ರಿಪೇರಿ ಆದ ಮಾಲು ಮುಟ್ಟಬೇಡ. ನಾನು ಏಳೆಂಟು ವರ್ಷದಿಂದ ಅಂಥದ್ದನ್ನೇ ಹುಡುಕಿ ಕೊಳ್ಳುತ್ತಿದ್ದೇನೆ. ಜರ್ಮನಿಯ ಕಲೋನ್‌ನಲ್ಲಿ ಕೆಲಸ, ಮನೆಯಿಂದ ಹಳೆಯ ಕುಂಬಾರರ ಊರು ಫ್ರೆಖೆನ್ ಕೂಗಳತೆ ದೂರ. ಇವತ್ತು ನನ್ನ ಕಪಾಟಿನಲ್ಲಿ ಫ್ರೆಖೆನ್, ರಾರೆನ್, ಜೀಗ್‌ಬುರ್ಗ್, ವೆಸ್ಟರ್‌ವಾಲ್ಡ್, ಈ ಮಾಲಿಗೆ ಹೆಸರಾದ ನಾಲ್ಕೂ ಕಡೆಯ ಹೂಜಿಗಳಿವೆ. ಒಂದಕ್ಕೂ 300 ಯೂರೋ ಮೀರಿ ಕೊಟ್ಟಿಲ್ಲ.

ಲೆಕ್ಕ ಹೀಗಿದೆ. ಕತ್ತಿನಲ್ಲಿ ಗಡ್ಡದ ಮುಖವಿರುವ ಬಾರ್ಟ್‌ಮನ್ ಹೂಜಿ, ಚೆನ್ನಾಗಿರುವುದು, ವ್ಯಾಪಾರಿ ಹತ್ತಿರ ಸುಮಾರು 1,500ರಿಂದ 2,500 ಯೂರೋ. ಅದೇ ಹೂಜಿಗೆ ಯಾರೋ ಬಣ್ಣ ಬಳಿದಿದ್ದರೆ ಸಣ್ಣ ಹರಾಜಿನಲ್ಲಿ 150ರಿಂದ 250. ಮೇಲೆ ಹರಾಜಿನವರ ಕಮಿಷನ್ ಶೇ 25ರಿಂದ 30, ಅದನ್ನು ಮರೆಯಬೇಡಿ. ಎಷ್ಟು ಒಡೆದಿದೆ ಅಂತ ಯಾರಿಗೂ ಕಾಣುವುದಿಲ್ಲ, ಹಾಗಾಗಿ ಎಲ್ಲರೂ ಹೆದರುತ್ತಾರೆ. ಆದರೆ ಹಿಂದಿನ ರಿಪೇರಿಯವರಿಗೆ ಒಂದು ಚಟ ಇತ್ತು. ಎರಡು ಇಂಚಿನ ಒಡಕು ಮುಚ್ಚಲು ಅರ್ಧ ಹೊಟ್ಟೆಗೆ ಕಂದು ವಾರ್ನಿಷ್ ಸ್ಪ್ರೇ ಮಾಡುತ್ತಿದ್ದರು. ಅದರಡಿ 400 ವರ್ಷದ ಉಪ್ಪಿನ ಗ್ಲೇಜ್ (ಭಟ್ಟಿಗೆ ಉಪ್ಪು ಎರಚಿ ಬರಿಸಿದ ಗಾಜಿನಂಥ ಪದರ) ಏನೂ ಆಗದೆ ಕೂತಿರುತ್ತದೆ. ಬೆಲೆ ಬಿದ್ದಿರುವುದು ಬಣ್ಣದಿಂದ, ಒಡಕಿನಿಂದಲ್ಲ. ಇದನ್ನು ಹೇಳಿದಾಗ ಬೆಲ್ಜಿಯಂನ ಟೋಂಗೆರೆನ್ ಊರಿನ ಭಾನುವಾರದ ಹಳೆ ಮಾಲಿನ ಸಂತೆಯಲ್ಲಿ ಒಬ್ಬ ಹಿರಿಯ ವ್ಯಾಪಾರಿ ನನ್ನ ಮುಖ ನೋಡಿ ನಕ್ಕಿದ್ದರು.

ಕೊಳ್ಳುವ ಮೊದಲು ನಾನು ನೋಡುವುದು ಮೂರು ನಾಲ್ಕು ಸಂಗತಿ. 365 ನ್ಯಾನೋಮೀಟರಿನ ಯುವಿ ಟಾರ್ಚ್ ಬಿಟ್ಟರೆ ಹಳೆಯ ಅರಗು ಕಿತ್ತಳೆ ಬಣ್ಣಕ್ಕೆ ಹೊಳೆಯುತ್ತದೆ, ಎಪಾಕ್ಸಿ ಅಂಟು ನೀಲಿ ಬಿಳುಪು. ಸೂಜಿ ಗ್ಲೇಜ್ ಮೇಲೆ ಜಾರುತ್ತದೆ, ಬಣ್ಣಕ್ಕೆ ಕಚ್ಚುತ್ತದೆ. ತಳದಲ್ಲಿ ದಾರ ಎಳೆದು ಕತ್ತರಿಸಿದ ಸುತ್ತುಗೆರೆ ಬೇಕು. ಬೆರಳು ಒಳಗೆ ಹಾಕಿದರೆ ತಿಗರಿಯ ಉಂಗುರ ಸಿಗಬೇಕು. ಹೊರಗಿನ ಉಬ್ಬಿಗೆ ಸರಿಯಾಗಿ ಒಳಗೂ ತಗ್ಗು ಇದ್ದರೆ ಅದು ಅಚ್ಚಿನ ಮಾಲು, 19ನೇ ಶತಮಾನದ್ದು, ವಾಪಸ್ ಇಟ್ಟುಬಿಡಿ. ತಳದಲ್ಲಿ ಅಚ್ಚಿನ ನಂಬರ್ ಇದ್ದರೂ ಅಷ್ಟೇ, ಅರ್ಧ ಲೀಟರಿನ ಗುರುತು ಇದ್ದರೂ ಅಷ್ಟೇ.

ಬಿಚ್ಚುವ ಕೆಲಸದಲ್ಲಿ ಕೈಕೊಟ್ಟದ್ದೇ ಜಾಸ್ತಿ. ಅಸಿಟೋನ್ ಹತ್ತಿ ಹಳೆಯ ನೈಟ್ರೋ ವಾರ್ನಿಷ್‌ಗೆ ಸಾಕು, ಎರಡು ಡಬ್ಬಿ ಬೆರೆಸಿ ಹಚ್ಚಿದ ಲ್ಯಾಕರ್‌ಗೆ ಏನೇನೂ ಆಗುವುದಿಲ್ಲ. ಮೊದಲಿದ್ದ ಖಡಕ್ ಪೇಂಟ್ ರಿಮೂವರ್ ಈಗ ಯುರೋಪಿನ ಅಂಗಡಿಗಳಲ್ಲಿ ಮಾಮೂಲಿ ಗಿರಾಕಿಗೆ ಸಿಗುವುದಿಲ್ಲ. ಲ್ಯಾಕರ್ ಇದ್ದರೆ ಸ್ಕಾಲ್ಪೆಲ್ ಹಿಡಿದು ಕೂರಬೇಕು, ಒಂದು ಹೂಜಿಯ ಕತ್ತಿಗೆ ಎರಡು ಮೂರು ಸಂಜೆ. ಎಪಾಕ್ಸಿ ಜೋಡಣೆ ಬಿಡಿಸಲು ನನ್ನದೊಂದು ದಾರಿ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಒಡಕಿನ ಕೊಳೆಗೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದೆ. ಬೆಳ್ಳಗಾಯಿತು. ತಿಂಗಳು ಕಳೆಯುವಷ್ಟರಲ್ಲಿ ಒಳಗಿನ ಜಿಡ್ಡು ಮತ್ತೆ ಮೇಲೆ ಬಂತು. ಒದ್ದೆ ಕಾಗದದ ಮುದ್ದೆ ಮೆತ್ತಿ ಪೂರ್ತಿ ಒಣಗಲು ಬಿಟ್ಟು, ಅದನ್ನೇ ಮತ್ತೆ ಮತ್ತೆ ಮಾಡಿದಾಗ ಹೋಯಿತು.

ಮತ್ತೆ ಅಂಟಿಸಲು ಈಗ ಪ್ಯಾರಲಾಯ್ಡ್ ಬಿ-72 ಅನ್ನುವ ಅಕ್ರಿಲಿಕ್ ಅಂಟು ಬಿಟ್ಟು ಬೇರೇನೂ ಬಳಸುವುದಿಲ್ಲ. ಅಸಿಟೋನ್ ಹಾಕಿದರೆ ನಾಳೆ ಯಾರು ಬೇಕಾದರೂ ಬಿಚ್ಚಬಹುದು. ಆದರೆ 40 ಡಿಗ್ರಿ ಆಸುಪಾಸಿನಲ್ಲಿ ಅದು ಮೆತ್ತಗಾಗುತ್ತದೆ. ಬಿಸಿಲಿನ ಕಿಟಕಿಯಲ್ಲಿದ್ದ ರಾರೆನ್ ಹೂಜಿಯ ಹಿಡಿ ಒಂದು ಬೇಸಿಗೆಯಲ್ಲಿ ಕೂದಲೆಳೆಯಷ್ಟು ಜಾರಿತು. ಬಿಚ್ಚಿ ಮತ್ತೆ ಕೂರಿಸಿದೆ. ಒಣಗುವವರೆಗೆ ಮರಳಿನ ಟ್ರೇಯಲ್ಲಿ ಓರೆಯಾಗಿ ನಿಲ್ಲಿಸಿ, ಅವಸರ ಬೇಡ. ಒಡಕನ್ನು ನಾನು ಮುಚ್ಚುವುದಿಲ್ಲ. ಕಾಣಲಿ ಬಿಡಿ. ಒಡೆದ ಅಂಚಿನಲ್ಲಿ ಮಣ್ಣೇ ಊರು ಹೇಳುತ್ತದೆ: ಜೀಗ್‌ಬುರ್ಗ್ ಆದರೆ ಹೆಚ್ಚು ಕಡಿಮೆ ಬಿಳಿ, ಫ್ರೆಖೆನ್ ಆದರೆ ಕಂದು ಮೈಯೊಳಗೆ ಬೂದು.

ದೊಡ್ಡ ಪೆಟ್ಟೂ ಬಿದ್ದಿದೆ. ಒಂದು ಹರಾಜು ಕಂಪನಿಯವರು ‘ಸುಸ್ಥಿತಿ’ ಅಂತ ಬರೆದಿದ್ದ ಹೂಜಿಗೆ ಕಮಿಷನ್ ಸೇರಿ 280ರ ಹತ್ತಿರ ಕೊಟ್ಟೆ. ಬಿಚ್ಚಿ ನೋಡಿದರೆ ಮುಖ ಸಮೇತ ಇಡೀ ಕತ್ತು ಪ್ಲಾಸ್ಟರ್. ನೀವೇ ಕೆರೆದಿದ್ದೀರಿ ಅಂತ ಹೇಳಿ ಹರಾಜಿನವರು ದುಡ್ಡು ವಾಪಸ್ ಕೊಡಲಿಲ್ಲ. ಈಗ ಮುಟ್ಟುವ ಮೊದಲೇ ಯುವಿ ಬೆಳಕಿನಲ್ಲಿ ಎಲ್ಲ ಕಡೆಯಿಂದ ಫೋಟೋ ತೆಗೆದಿಡುತ್ತೇನೆ.

ಮಧ್ಯೆ ಹಿತ್ತಾಳೆ ಕ್ಯಾಂಡಲ್ ಸ್ಟ್ಯಾಂಡ್‌ಗಳ ಕಡೆಗೂ ಹೋಗಿದ್ದೆ. ಲ್ಯಾಬಿನಲ್ಲಿರುವ ಗೆಳೆಯನೊಬ್ಬ ಎಕ್ಸ್‌ರೇ ಬಿಟ್ಟು ಲೋಹದಲ್ಲಿ ಏನೇನಿದೆ ಹೇಳುವ ಎಕ್ಸ್‌ಆರ್‌ಎಫ್ ಯಂತ್ರದಲ್ಲಿ ಸತುವಿನ ಪ್ರಮಾಣ ನೋಡಿಕೊಟ್ಟ. ಹಳೆಯ ಯುರೋಪಿನಲ್ಲಿ ತಾಮ್ರ, ಸತುವಿನ ಅದಿರು, ಇದ್ದಿಲು ಸೇರಿಸಿ ಮುಚ್ಚಿದ ಮೂಸೆಯಲ್ಲಿ ಕಾಯಿಸಿ ಹಿತ್ತಾಳೆ ಮಾಡುತ್ತಿದ್ದರು. ಹಾಗೆ ಮಾಡಿದರೆ ಸತು ಶೇ 30ರ ಸುತ್ತಮುತ್ತಲೇ ನಿಲ್ಲುತ್ತದೆ. ಬ್ರಿಸ್ಟಲ್‌ನ ವಿಲಿಯಂ ಚಾಂಪಿಯನ್ ಸತುವನ್ನೇ ಬಟ್ಟಿ ಇಳಿಸಲು ಪೇಟೆಂಟ್ ಪಡೆದದ್ದು 1738ರಲ್ಲಿ. ನಮ್ಮ ರಾಜಸ್ಥಾನದ ಜಾವರ್‌ನಲ್ಲಿ ಅದಕ್ಕೂ ಎಷ್ಟೋ ಶತಮಾನ ಮೊದಲೇ ಆ ಕೆಲಸ ನಡೆಯುತ್ತಿತ್ತು. ಇದನ್ನು ಇಲ್ಲಿಯ ಕಲೆಕ್ಟರ್‌ಗಳಿಗೆ ಹೇಳುವಾಗ ನನಗೆ ಭಾರಿ ಖುಷಿ. 1650ರದ್ದು ಅಂತ ಮಾರಾಟಕ್ಕಿದ್ದ ಒಂದು ಸ್ಟ್ಯಾಂಡ್‌ನಲ್ಲಿ ಸತು ಶೇ 36ರಷ್ಟಿತ್ತು, ಅಂದರೆ ಹಳೆಯ ಮೂಸೆಯ ಹಿತ್ತಾಳೆ ಅಲ್ಲ, ಬಟ್ಟಿ ಇಳಿಸಿದ ಸತು ಬೆರೆಸಿದ್ದು. ಸುಮ್ನೆ ವಾಪಸ್ ಕೊಟ್ಟು ಬಂದೆ.

ಬೆಲೆ ಬೀಳುವುದು ಬಣ್ಣದಿಂದ ಅನ್ನುವ ನನ್ನ ಮಾತು ನಿಜ ಅಂತ ತೋರಿಸಿದ್ದು ಒಂದು ಫ್ರೆಖೆನ್ ಹೂಜಿ. 190ಕ್ಕೆ ಹರಾಜು, ಎಲ್ಲ ಸೇರಿ 240 ಆಗಿರಬೇಕು. ಹೊಟ್ಟೆಯ ಪದಕದ (ದುಂಡು ಉಬ್ಬು ಮುದ್ರೆ) ಮೇಲೆ ದಪ್ಪ ಕಂದು ಬಣ್ಣ. ಕಿತ್ತಾಗ ಒಂದರ ಕೆಳಗೊಂದು ಮೂರು ಓರೆ ಶಿಲುಬೆ ಬಂದವು, ಆಮ್‌ಸ್ಟರ್‌ಡ್ಯಾಮ್ ಲಾಂಛನ! ಒಡಕು ಹಿಡಿಯ ಹತ್ತಿರ ಒಂದೇ ಒಂದು, ಬಾಯಂಚಿನಲ್ಲಿ ಸಣ್ಣ ಚೂರು ಇಲ್ಲ. ಕಾಲ ತಿಳಿಯಲು ನಾನು ಮುಳುಗಿದ ಡಚ್ ಹಡಗುಗಳ ಮಾಲು ನೋಡುತ್ತೇನೆ. ಬಟಾವಿಯಾ 1629ರಲ್ಲಿ, ಫರ್ಗುಲ್ಡೆ ದ್ರಾಕ್ 1656ರಲ್ಲಿ, ಎರಡೂ ಆಸ್ಟ್ರೇಲಿಯಾದ ಪಶ್ಚಿಮ ತೀರದಲ್ಲಿ ಒಡೆದವು. ಎರಡರಲ್ಲೂ ಬಾರ್ಟ್‌ಮನ್ ಸಿಕ್ಕಿವೆ. ಶತಮಾನ ಮುಂದೆ ಹೋದಂತೆ ಮುಖದ ಕೆಲಸ ಒರಟಾಗುತ್ತಾ ಹೋಗುತ್ತದೆ. ನನ್ನದರ ಗಡ್ಡ ಎಳೆ ಎಳೆಯಾಗಿದೆ, ಮೊದಲ ಹಡಗಿನ ಕಾಲಕ್ಕೆ ಹತ್ತಿರ. ಟೋಂಗೆರೆನ್‌ನಲ್ಲಿ ನಕ್ಕಿದ್ದವರೇ ಅದಕ್ಕೆ 650 ಕೊಡುತ್ತೇನೆ ಅಂದರು. ಅದನ್ನು ಕೊಡಲಿಲ್ಲ. ಪದಕ ಸವೆದಿದ್ದ ಇನ್ನೊಂದನ್ನು ಒಡಕು ತೋರಿಸಿಯೇ 500 ಚಿಲ್ಲರೆಗೆ ಮಾರಿದೆ.

ಈಗ ಮೇಜಿನ ಮೇಲೆ ಸುಮಾರು 90 ಯೂರೋದ ವೆಸ್ಟರ್‌ವಾಲ್ಡ್ ಹೂಜಿ ಇದೆ. ಕತ್ತು ತುಂಬಾ ಅನುಮಾನದ ನೀಲಿ. ಹಳೆಯ ಕೋಬಾಲ್ಟ್ ಗ್ಲೇಜ್ ಜೊತೆಗೇ ಸುಟ್ಟು ಕೂತಿರುತ್ತದೆ, ಹತ್ತಿಗೆ ಬರುವುದಿಲ್ಲ. ನನ್ನ ಹತ್ತಿಗೆ ನೀಲಿ ಬರುತ್ತಿದೆ. ಅರ್ಧ ಕತ್ತು ಮುಗಿಯಿತು, ಇನ್ನೂ ಒಂದೂ ಒಡಕು ಕಂಡಿಲ್ಲ.