ಒಡನಾಟ ಎಷ್ಟು ಬೇಕೆಂದು ನೋಡಿ ಕೂರಿಸಿದೆ: ಜೀನ್ಸ್ ಘಟಕದಲ್ಲಿ ನನ್ನ ಅನುಭವ

ಹೊಲಿಗೆಯವರನ್ನು ಅವರಿಗೆ ಎಷ್ಟು ಒಡನಾಟ ಬೇಕೆಂದು ನೋಡಿ ಕೂರಿಸುತ್ತೇನೆ ಎಂದಾಗ ಬಳ್ಳಾರಿಯ ಜೀನ್ಸ್ ಘಟಕದವರು ಯಾರೂ ಒಪ್ಪಲಿಲ್ಲ. ‘ಪೀಸ್ ಲೆಕ್ಕದ ಕೆಲಸ, ಕೈ ಓಡಿದರೆ ಸಾಕು’ ಎಂದರು. ಈಗ ಮುಂಡರಗಿ ಕಡೆಯ ಘಟಕದ ಒಂದಿಬ್ಬರು ನಮ್ಮ ಹಾಲ್ ನೋಡಿಕೊಂಡು ಹೋಗಿದ್ದಾರೆ.

ಮಾತು ಹೆಚ್ಚಾಯಿತೆಂದು ಮೊದಲು ಎಲ್ಲ ಮಷಿನ್‌ಗಳ ನಡುವೆ ಪ್ಲೈವುಡ್ ನಿಲ್ಲಿಸಿದ್ದೆ. ಹದಿನೆಂಟು ಸಾವಿರದಷ್ಟು ಖರ್ಚು. ತಿಂಗಳೊಳಗೆ ಬೆಲ್ಟ್ ಕೂರಿಸುವ ನಮ್ಮ ಒಳ್ಳೆಯ ಕೈಯ ಅಕ್ಕ ಪೀಸಿಗೆ ಕಡಿಮೆ ಕೊಡುವ ಘಟಕಕ್ಕೆ ಹೋಗಿಬಿಟ್ಟರು. ಹಲಗೆ ಕಿತ್ತು ಎಲ್ಲರನ್ನೂ ಎದುರುಬದುರು ಕೂರಿಸಿದರೆ, ಜೇಬು ಹೊಲಿಯುವ ಹುಡುಗ ಮಧ್ಯಾಹ್ನಕ್ಕೇ ಬಳಲುತ್ತಿದ್ದ; ಅವನ ಮಾಲಿನಲ್ಲಿ ಆಲ್ಟರ್, ಅಂದರೆ ತಪ್ಪಾಗಿ ಮತ್ತೆ ಬಿಚ್ಚಿ ಹೊಲಿಯಬೇಕಾದ ಪೀಸು, ಎರಡು ಪಟ್ಟಾಯಿತು. ದರ ಏರಿಸಿದೆ. ದುಡ್ಡು ಹೋಯಿತು, ಆಲ್ಟರ್ ಇಳಿಯಲಿಲ್ಲ.

ಹೀಗೇಕೆ ಎಂಬುದಕ್ಕೆ ಮನೋವಿಜ್ಞಾನಿ ಹ್ಯಾನ್ಸ್ ಐಸೆಂಕ್ 1967ರಲ್ಲೇ ಒಂದು ಕಾರಣ ಮುಂದಿಟ್ಟಿದ್ದರು: ಅಂತರ್ಮುಖಿಯ ಮಿದುಳು ಮೊದಲೇ ಹೆಚ್ಚು ಎಚ್ಚರದಲ್ಲಿರುತ್ತದೆ, ಗದ್ದಲ ಬೇಗ ಅತಿಯಾಗುತ್ತದೆ, ಬಹಿರ್ಮುಖಿಗೆ ಆ ಮಟ್ಟ ಮುಟ್ಟಲು ಜನ ಬೇಕು. ವಾದ ಅಷ್ಟು ಸರಳವಲ್ಲವೆಂದು ಆಮೇಲಿನವರು ತೋರಿಸಿದ್ದಾರೆ. ಆದರೂ ಅವಳಿಗಳ ಅಧ್ಯಯನಗಳ ಪ್ರಕಾರ ಈ ಸ್ವಭಾವಭೇದದಲ್ಲಿ ಹತ್ತಿರಹತ್ತಿರ ಅರ್ಧ ಪಾಲು ವಂಶವಾಹಿಗಳದು. ಬೈದು ಬದಲಿಸುವುದಾಗದು ಎಂದು ನಾನು ನಿರ್ಧರಿಸಿದ್ದು ಇದು ತಿಳಿದಾಗಲೇ.

ಮಾತುಗಾರರಿಗೆ ನಡುವಿನ ಸಾಲು, ಸುಮ್ಮನಿರುವವರಿಗೆ ಕಿಟಕಿಯ ಸಾಲು ಕೊಟ್ಟೆ. ಅರ್ಧ ಮಾತ್ರ ಫಲಿಸಿತು. ಸಿರುಗುಪ್ಪ ಕಡೆಯ ಹುಡುಗಿಯೊಬ್ಬಳು ಕಿಟಕಿಯ ಬಳಿ ಇನ್ನಷ್ಟು ಕುಗ್ಗಿದಳು. ಅವಳಿಗೆ ಜನ ಬೇಕಿತ್ತು, ಮಾತನಾಡಿಸಲು ಅಂಜಿಕೆ. ನಾಚಿಕೆ ಬೇರೆ, ಒಡನಾಟದ ಬಯಕೆ ಬೇರೆ ಎಂದು ಚೀಕ್ ಮತ್ತು ಬಸ್ ಎಂಬ ಮನೋವಿಜ್ಞಾನಿಗಳು 1981ರಲ್ಲಿ ತೋರಿಸಿದ್ದು ನನ್ನ ಹಾಲಿನಲ್ಲಿ ಕಣ್ಣಿಗೇ ಕಂಡಿತು. ಅವಳನ್ನು ಒಬ್ಬರೇ ಒಬ್ಬ ಹಿರಿಯ ಅಕ್ಕನ ಜೊತೆ ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮಷಿನ್‌ಗೆ ಹಾಕಿದೆ. ಈಗ ಹೊಸಬರಿಗೆ ಕೆಲಸ ಕಲಿಸುವವಳು ಅವಳೇ. ಅಂಜುವವರು ಯಾರು, ಒಂಟಿಯಾಗಿಯೇ ಸುಖವಾಗಿರುವವರು ಯಾರು ಎಂದು ಮೊದಲ ವಾರದ ಚಹಾ ವೇಳೆಯಲ್ಲೇ ಹೇಳಬಲ್ಲೆ. ಹೇಗೆಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ದುಡಿಮೆ.

ನಡುವೆ ಹಾಡು ಹಾಕಿಯೂ ನೋಡಿದೆ. ನಡುವಿನ ಸಾಲು ಕುಣಿಯಿತು, ಕಿಟಕಿಯ ಸಾಲು ಕಿವಿಗೆ ಹತ್ತಿ ಕೇಳಿತು. ಸಂಜೆ ಒಂದು ಗಂಟೆ ಮಾತ್ರ ಉಳಿಸಿದ್ದೇನೆ.

ನೂರಕ್ಕೆ ಎಂಟರಷ್ಟಿದ್ದ ಆಲ್ಟರ್ ಈಗ ಮೂರರ ಆಸುಪಾಸು. ಯುಗಾದಿಗೆ ಊರಿಗೆ ಹೋದವರು ಬಹುತೇಕ ಎಲ್ಲರೂ ಮರಳಿದರು. ನಮ್ಮ ಸಾಲಿನ ಬೇರೆ ಘಟಕಗಳಲ್ಲಿ ಹಾಗಾಗಲಿಲ್ಲ. ಹೊಲಿದ ಜೀನ್ಸ್ ತೊಳೆಯುವ ವಾಷಿಂಗ್ ವಿಭಾಗದಲ್ಲಿ ಮಾತ್ರ ಇದು ನಡೆಯಲಿಲ್ಲ, ಯಂತ್ರದ ಸದ್ದಿನಲ್ಲಿ ಮಾತೇ ಕೇಳಿಸದು. ಅಲ್ಲಿನ ಮಾತುಗಾರರನ್ನು ಎರಡೆರಡು ಗಂಟೆಗೆ ಪ್ಯಾಕಿಂಗ್‌ಗೆ ಬದಲಿಸುವುದನ್ನು ದಸರಾ ಆದ ಮೇಲೆ ಶುರು ಮಾಡುತ್ತೇನೆ.