ಬ್ರಷ್ ಮೇಲಿನ ರಕ್ತವೂ ಶುಗರ್ ಡೈರಿಗೆ ಬರಲಿ

ಶುಗರ್ ಇರುವವರಿಗೆ ಬೆಳಗ್ಗೆ ಎರಡು ಕಡೆ ರಕ್ತ ಕಾಣಿಸಬಹುದು. ಒಂದು, ಬೆರಳ ತುದಿ ಚುಚ್ಚಿ ಸ್ಟ್ರಿಪ್‌ಗೆ ಮುಟ್ಟಿಸುವ ಹನಿ. ಅದನ್ನು ಜೋಪಾನವಾಗಿ ಓದಿ ಡೈರಿಯಲ್ಲಿ ಬರೆದಿಡುತ್ತೇವೆ. ಇನ್ನೊಂದು, ಹಲ್ಲುಜ್ಜಿ ಉಗಿದಾಗ ನೊರೆಯ ಜೊತೆ ತಿಳಿ ಗುಲಾಬಿಯಾಗಿ ಹರಿದು ಹೋಗುವುದು. ಅದರ ಮೇಲೆ ನಲ್ಲಿ ಬಿಟ್ಟು, ‘ಬ್ರಷ್ ಗಟ್ಟಿ ಇರಬೇಕು’ ಅಂದುಕೊಂಡು ಸುಮ್ನಾಗುತ್ತೇವೆ. ಎರಡೂ ಒಂದೇ ಸುದ್ದಿ ಹೇಳುತ್ತಿರಬಹುದು.

ಸಕ್ಕರೆ ಜಾಸ್ತಿಯಾಗಿಯೇ ಉಳಿದರೆ ಸೋಂಕಿನ ಜೊತೆ ಸೆಣಸುವ ಬಿಳಿ ರಕ್ತಕಣಗಳು ಮಂಕಾಗುತ್ತವೆ. ಗಾಯ ನಿಧಾನವಾಗಿ ಮಾಯುತ್ತದೆ. ಜೊಲ್ಲು ಕಡಿಮೆಯಾಗಿ ಬಾಯಿ ಒಣಗುತ್ತದೆ. ಹಲ್ಲಿನ ಬುಡದ ಪಾಚಿಗೆ ಇನ್ನೇನು ಬೇಕು? ಇಷ್ಟು ಬಹಳ ಜನಕ್ಕೆ ಗೊತ್ತು. ಗೊತ್ತಿಲ್ಲದಿರುವುದು ಇದರ ತಿರುಗುಮುರುಗು: ಊದಿಕೊಂಡ ಒಸಡಿನಿಂದ ರಕ್ತಕ್ಕೆ ಸೇರುವ ಉರಿಯೂತದ ವಸ್ತುಗಳು ಇನ್ಸುಲಿನ್ ಕೆಲಸಕ್ಕೆ ಅಡ್ಡಗಾಲು ಹಾಕುತ್ತವೆ. ದಂತವಿಜ್ಞಾನಿ ಹೆರಾಲ್ಡ್ ಲೋ 1993ರಲ್ಲೇ ಒಸಡಿನ ರೋಗವನ್ನು ಮಧುಮೇಹದ ಆರನೇ ತೊಡಕು ಎಂದು ಕರೆದಿದ್ದರು. ಒಸಡಿಗೆ ಸರಿಯಾದ ಚಿಕಿತ್ಸೆ ಸಿಕ್ಕರೆ 3–4 ತಿಂಗಳಲ್ಲಿ ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸಕ್ಕರೆಯ ಮಟ್ಟ ಹೇಳುವ ರಕ್ತಪರೀಕ್ಷೆ) ಸರಾಸರಿ 0.4ರಷ್ಟು ಇಳಿಯುತ್ತದೆ, ಅಂದರೆ 8.0 ಇದ್ದದ್ದು 7.6ರ ಹತ್ತಿರ. ಹಾಗಂತ ಮಾತ್ರೆ ಬಿಡುವಂತಿಲ್ಲ, ಅದು ಬೇರೆ ಮಾತು.

ಮೊದಲ ಹೆಜ್ಜೆ, ನೋಡುವುದು. ವಾರಕ್ಕೊಮ್ಮೆ ಕನ್ನಡಿ ಮುಂದೆ ನಿಂತು, ಮೊಬೈಲ್ ಟಾರ್ಚ್ ಹಾಕಿ, ಬೆರಳಲ್ಲಿ ತುಟಿ ಎತ್ತಿ. ಗಟ್ಟಿಯಾಗಿ ಹಲ್ಲಿಗೆ ಅಂಟಿಕೊಂಡಿದ್ದರೆ ಒಸಡು ಚೆನ್ನಾಗಿದೆ. ಕೆಲವರ ಒಸಡು ಹುಟ್ಟಿನಿಂದಲೇ ಕಂದು ಬಣ್ಣ, ಅದಕ್ಕೆ ಹೆದರಬೇಡಿ. ಕೆಂಪಗೆ ಊದಿ ಹೊಳೆಯುತ್ತಿದೆಯಾ? ಹಲ್ಲು ಮೊದಲಿಗಿಂತ ಉದ್ದ ಕಾಣುತ್ತಿದೆಯಾ? ಹೊಸ ಸಂದಿ, ಕೀವು, ಅಲ್ಲಾಟ? ಒರೆಸಿದರೆ ಕೆಳಗೆ ಕೆಂಪು ಕಾಣುವ ಬಿಳಿ ಪದರ ಇದ್ದರೆ ಅದು ಶಿಲೀಂಧ್ರದ ಸೋಂಕು ಇರಬಹುದು. ಕಂಡದ್ದನ್ನು ಶುಗರ್ ಡೈರಿಯ ಅದೇ ಪುಟದಲ್ಲಿ ಬರೆಯಿರಿ. ಸಿಗರೇಟ್ ಸೇದುವವರಿಗೆ ಒಂದು ಎಚ್ಚರಿಕೆ: ಹೊಗೆಯಿಂದ ಒಸಡಿನ ರಕ್ತನಾಳ ಕಿರಿದಾಗಿ, ರೋಗ ಇದ್ದರೂ ರಕ್ತ ಕಾಣದೇ ಇರಬಹುದು.

ಎರಡನೆಯದು ಉಜ್ಜುವುದು. ಉಜ್ಜುತ್ತಲೇ ಇದ್ದೀವಲ್ಲ ಅನ್ನುತ್ತೀರಿ, ಆದರೆ ಹೆಚ್ಚಿನವರು ಹಲ್ಲಿನ ನಡುಭಾಗ ಮಾತ್ರ ಉಜ್ಜುತ್ತಾರೆ. ಪಾಚಿ ಕೂರುವುದು ಹಲ್ಲೂ ಒಸಡೂ ಸೇರುವ ಗೆರೆಯಲ್ಲಿ. ಮೆತ್ತನೆ ಬ್ರಷ್ಷನ್ನು ಆ ಗೆರೆಗೆ ಸುಮಾರು 45 ಡಿಗ್ರಿ ಓರೆಯಾಗಿಟ್ಟು, ಜಾಗ ಬಿಡದೆ ಸಣ್ಣಗೆ ಅಲ್ಲಾಡಿಸಿ. ಆಮೇಲೆ ಪಕ್ಕದ ಹಲ್ಲಿಗೆ ಹೋಗಿ. ಪೆನ್ ಹಿಡಿದಂತೆ ಹಿಡಿದರೆ ಒತ್ತಡ ತಾನಾಗಿ ಕಡಿಮೆಯಾಗುತ್ತದೆ. ದಿನಕ್ಕೆ ಎರಡು ಸಲ, ಎರಡೆರಡು ನಿಮಿಷ, ಫ್ಲೋರೈಡ್ ಇರುವ ಪೇಸ್ಟ್. ಕೊನೆಗೆ ಉಗಿಯಿರಿ ಅಷ್ಟೇ, ನೀರು ಹಾಕಿ ಮುಕ್ಕಳಿಸಿದರೆ ಫ್ಲೋರೈಡೂ ತೊಳೆದು ಹೋಗುತ್ತದೆ.

ರಕ್ತ ಬಂದ ಜಾಗಕ್ಕೆ ಬ್ರಷ್ ತಾಕಿಸದೇ ಬಿಡುವುದು ದೊಡ್ಡ ತಪ್ಪು. ಅಲ್ಲೇ ಜಾಸ್ತಿ ನಿಗಾ ಬೇಕು. ಸಂದಿಗಳಿಗೆ ಹಲ್ಲಿನ ದಾರ (ಫ್ಲಾಸ್) ಅಥವಾ ಪುಟಾಣಿ ಸಂದಿ ಬ್ರಷ್ ಬಳಸಿ. ಬರೀ ಪಾಚಿಯ ಕಾಟವಾಗಿದ್ದರೆ ಒಂದೆರಡು ವಾರದಲ್ಲಿ ರಕ್ತ ಕಡಿಮೆಯಾಗುತ್ತದೆ. ಆಗದಿದ್ದರೆ ಡೆಂಟಿಸ್ಟ್ ನೋಡಬೇಕು.

ರಾತ್ರಿ ಸಕ್ಕರೆ 70ಕ್ಕಿಂತ ಕೆಳಗೆ ಇಳಿದಾಗ ಹಲ್ಲಿನ ಚಿಂತೆ ಬೇಡ, ಗ್ಲುಕೋಸ್ ತಗೊಳ್ಳಿ. ಸುಧಾರಿಸಿಕೊಂಡ ಮೇಲೆ ಬಾಯಿಗೆ ನೀರು ಹಾಕಿ ಮುಕ್ಕಳಿಸಿ ಮಲಗಿ.

ಡೆಂಟಿಸ್ಟ್ ಹತ್ತಿರ ಹೋಗುವುದಕ್ಕೆ ಬೆಳಗಿನ ಹೊತ್ತು ಒಳ್ಳೆಯದು. ಎಂದಿನಂತೆ ತಿಂದು, ಔಷಧಿ ತಗೊಂಡೇ ಹೋಗಿ. ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿದ್ದರೆ ಡೋಸ್ ಏನು ಮಾಡಬೇಕೆಂದು ಶುಗರ್ ಡಾಕ್ಟರನ್ನು ಮೊದಲೇ ಕೇಳಿ. ಮೀಟರ್, ಗ್ಲುಕೋಸ್, ಮಾತ್ರೆಗಳ ಪಟ್ಟಿ, ಇತ್ತೀಚಿನ ಎಚ್‌ಬಿಎ1ಸಿ ಚೀಟಿ ಚೀಲದಲ್ಲಿರಲಿ. ‘ನನ್ನ ಒಸಡಿನ ಪಾಕೆಟ್ ಎಷ್ಟು ಆಳ ಇದೆ?’ ಎಂದು ಬಾಯಿ ಬಿಟ್ಟು ಕೇಳಿ. ಪಾಕೆಟ್ ಅಂದರೆ ಹಲ್ಲಿಗೂ ಒಸಡಿಗೂ ನಡುವಿನ ಸಂದು. 1ರಿಂದ 3 ಮಿಲಿಮೀಟರ್ ಇದ್ದರೆ ಸರಿ. 4 ದಾಟಿದರೆ ಬ್ರಷ್ ಅಲ್ಲಿಗೆ ತಲುಪುವುದಿಲ್ಲ, ಅಲ್ಲಿನ ಪಾಚಿಯನ್ನು ಅವರೇ ಕೆರೆದು ತೆಗೆಯಬೇಕು, ಅದೇ ಸ್ಕೇಲಿಂಗ್. ಸ್ಕೇಲಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಅನ್ನುವವರು ಇದ್ದೇ ಇರುತ್ತಾರೆ. ಸಡಿಲ ಮಾಡಿದ್ದು ರೋಗ. ಗಟ್ಟಿ ಕಟ್ಟಿದ ಪಾಚಿ ಅದನ್ನು ಮುಚ್ಚಿಟ್ಟಿತ್ತು ಅಷ್ಟೇ.

ಇಷ್ಟೆಲ್ಲ ಹೇಳಿ ಇನ್ನೊಂದು ಮಾತು: ಹಲ್ಲಿನ ಎಲ್ಲ ತೊಂದರೆಯನ್ನೂ ಶುಗರ್ ತಲೆಗೆ ಕಟ್ಟಬೇಡಿ. ಅಪರೂಪಕ್ಕೆ ಹುಟ್ಟಿನಿಂದಲೇ ಬರುವ ದೋಷಗಳಿರುತ್ತವೆ. ಅಮೆಲೊಜೆನೆಸಿಸ್ ಇಂಪರ್ಫೆಕ್ಟಾದಲ್ಲಿ ಹಲ್ಲಿನ ಹೊರಪದರವೇ ಸರಿಯಾಗಿ ಬೆಳೆದಿರುವುದಿಲ್ಲ. ಹಲ್ಲು ಹಳದಿಯಾಗಿ ಬೇಗ ಸವೆಯುತ್ತದೆ, ಎಷ್ಟು ಉಜ್ಜಿದರೂ ಬಿಳಿಯಾಗದು. ಡೆಂಟಿನೊಜೆನೆಸಿಸ್ ಇಂಪರ್ಫೆಕ್ಟಾದಲ್ಲಿ ಹಲ್ಲು ಬೂದುನೀಲಿಯಾಗಿ ಪಾರದರ್ಶಕದಂತೆ ಕಾಣುತ್ತದೆ, ಕೆಲವರಲ್ಲಿ ಮೂಳೆಯೂ ಸುಲಭವಾಗಿ ಮುರಿಯುತ್ತದೆ. ಪ್ಯಾಪಿಯೋಂ–ಲೆಫೆವ್ರ್ ಸಿಂಡ್ರೋಮ್ ಲಕ್ಷಾಂತರ ಜನರಲ್ಲಿ ಒಬ್ಬರಿಗೆ ಬರುವಂಥದ್ದು. ಅಂಗೈ, ಅಂಗಾಲಿನ ಚರ್ಮ ದಪ್ಪಗಾಗುತ್ತದೆ. ಒಸಡು ಹಾಳಾಗಿ ಹಾಲುಹಲ್ಲುಗಳು ನಾಲ್ಕೈದು ವರ್ಷಕ್ಕೇ ಉದುರುತ್ತವೆ. ಯಾವಾಗಿನಿಂದ ಹೀಗಿದೆ, ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯಾ, ಚರ್ಮ, ಕೂದಲು, ಉಗುರಿನಲ್ಲೂ ಬದಲಾವಣೆ ಇದೆಯಾ ಎಂಬುದನ್ನು ಡಾಕ್ಟರಿಗೆ ಹೇಳಿ.

ಹಾಲುಹಲ್ಲು ಬೀಳುವುದು ಸಾಮಾನ್ಯವಾಗಿ ಆರರ ಆಸುಪಾಸಿನಲ್ಲಿ. ಆಗ ಬೇರು ಕರಗಿ ಹೋಗಿರುತ್ತದೆ. ಏಟೇನೂ ಬೀಳದೆ ಐದು ವರ್ಷಕ್ಕೂ ಮೊದಲೇ ಮಗುವಿನ ಹಲ್ಲು ಬೇರು ಸಮೇತ ಬಿದ್ದರೆ ಹೈಪೊಫಾಸ್ಫಟೇಸಿಯ ಎಂಬ ಮೂಳೆ ಕಾಯಿಲೆ ಇರಬಹುದು. ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಕಡಿಮೆ ಇದೆಯಾ ಎಂದು ನೋಡಿಸುತ್ತಾರೆ. ಹಾಗೆ ಬಿದ್ದ ಹಲ್ಲನ್ನು ಎಸೆಯಬೇಡಿ. ಚಿಕ್ಕ ಡಬ್ಬಿಯಲ್ಲಿ ಹಾಕಿ ಡೆಂಟಿಸ್ಟ್ ಹತ್ತಿರ ತಗೊಂಡು ಹೋಗಿ. ಅವರು ಮೊದಲು ನೋಡುವುದೇ ಅದರ ಬೇರನ್ನು.