ಸೀಳು ಅಂಗುಳದ ಮಗು: ಒಳಲೆ ಹಾಲಿನಿಂದ ‘ಅಪ್ಪ’ ಅನ್ನುವವರೆಗೆ

ಕೂಸು ಬಾಯಿ ಚಪ್ಪರಿಸುತ್ತದೆ, ಹಾಲು ಮಾತ್ರ ಒಳಗೆ ಹೋಗುವುದಿಲ್ಲ. ಹೋದ ಅಷ್ಟಿಷ್ಟೂ ಮೂಗಿನಿಂದ ಬರುತ್ತದೆ. ಜೊತೆಗೆ ನೆಂಟರ ಪ್ರಶ್ನೆ, ‘ಗ್ರಹಣದ ದಿನ ಹೊರಗೆ ಬಂದಿದ್ಯಾ?’ ಗ್ರಹಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಬಸುರಿನ ಮೊದಲ ಮೂರು ತಿಂಗಳಲ್ಲಿ ಕೂಡಿಕೊಳ್ಳಬೇಕಿದ್ದ ಅಂಗುಳ, ಅಂದರೆ ಬಾಯಿಯೊಳಗಿನ ಮೇಲ್ಭಾಗ, ಕೂಡಿಕೊಂಡಿಲ್ಲ. ದಯವಿಟ್ಟು ಬಾಣಂತಿಯನ್ನು ದೂರಬೇಡಿ.

ಮೊದಲು ಹಾಲು. ಅಂಗುಳ ಸೀಳಿದ್ದರೆ ಮಗುವಿಗೆ ಹಾಲು ಎಳೆಯಲು ಆಗುವುದಿಲ್ಲ, ತೂತಾದ ಸ್ಟ್ರಾದಲ್ಲಿ ಎಳನೀರು ಕುಡಿದ ಹಾಗೆ. ಎದೆಹಾಲನ್ನೇ ಹಿಂಡಿ ಒಳಲೆಯಲ್ಲಿ, ಅಂದರೆ ಮೂತಿಯಿರುವ ಪುಟ್ಟ ಬಟ್ಟಲಲ್ಲಿ, ಕುಡಿಸಿ. ನಮ್ಮ ಅಜ್ಜಿಯರ ಒಳಲೆ ಇಲ್ಲಿ ನಿಜಕ್ಕೂ ಕೈಹಿಡಿಯುತ್ತದೆ. ಮಲಗಿಸಿ ಕುಡಿಸಬೇಡಿ, ತಲೆ ಎತ್ತರಕ್ಕಿರುವಂತೆ ಅರ್ಧ ಕೂರಿಸಿ ಹಿಡಿಯಿರಿ. ಒಳಲೆಯ ಮೂತಿಯನ್ನು ಕೆಳತುಟಿಯ ಅಂಚಿಗೆ ತಾಗಿಸಿ ಚೂರುಚೂರೇ ಬಗ್ಗಿಸಿ. ನುಂಗಿದ ಮೇಲೆಯೇ ಮುಂದಿನ ಗುಟುಕು. ಮೂಗಿನಲ್ಲಿ ಬಂದರೆ ನಿಲ್ಲಿಸಿ, ಒರೆಸಿ, ಮತ್ತೆ ಶುರು ಮಾಡಿ. ಈ ಮಕ್ಕಳು ಗಾಳಿ ಜಾಸ್ತಿ ನುಂಗುತ್ತವೆ, ನಡುನಡುವೆ ತೇಗಿಸಿ. ಅರ್ಧ ಗಂಟೆಯೊಳಗೆ ಮುಗಿಸಿ, ಇಲ್ಲದಿದ್ದರೆ ಮಗು ಸುಸ್ತಾಗುತ್ತದೆ. ತೂಕ ಏರದಿದ್ದರೆ, ಕೆಮ್ಮಿ ಮೈ ನೀಲಿಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ತುಟಿ ಸೀಳಿದ್ದರೆ ಸಾಮಾನ್ಯವಾಗಿ 3ರಿಂದ 6 ತಿಂಗಳಲ್ಲಿ ಆಪರೇಷನ್, ಅಂಗುಳಕ್ಕೆ 9ರಿಂದ 18 ತಿಂಗಳೊಳಗೆ. ಮಕ್ಕಳ ಆರೋಗ್ಯಕ್ಕೆಂದೇ ಇರುವ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಇದೂ ಸೇರಿದೆ, ಆಶಾ ಕಾರ್ಯಕರ್ತೆಯನ್ನು ಕೇಳಿ. ಕಿವಿಯನ್ನೂ ತೋರಿಸಿ. ಈ ಮಕ್ಕಳಿಗೆ ಕಿವಿಯೊಳಗೆ ನೀರು ತುಂಬಿಕೊಳ್ಳುವುದು ಜಾಸ್ತಿ. ಕೇಳಿಸದಿದ್ದರೆ ಮಾತು ಬರುವುದು ಹೇಗೆ?

ಆಪರೇಷನ್ ಆಯ್ತು, ಮಾತು ತಾನಾಗೇ ಸರಿಹೋಗುತ್ತದೆ ಎಂದು ಕಾಯುವವರೇ ಹೆಚ್ಚು. ಅಲ್ಲೇ ವರ್ಷಗಳು ಕಳೆದುಹೋಗುತ್ತವೆ. ಅಂಗುಳ ಮುಚ್ಚಿದರೂ ಗಾಳಿಯನ್ನು ಮೂಗಿಗೆ ಬಿಡುವ ರೂಢಿ ಉಳಿದಿರಬಹುದು. ‘ಪಾಪು’ ಅನ್ನಲು ಹೋದರೆ ‘ಮಾಮು’ ಬರುತ್ತದೆ. ಮೂಗಿನ ಕೆಳಗೆ ಪುಟ್ಟ ಕನ್ನಡಿ ಹಿಡಿದು ‘ಪ ಪ ಪ’ ಅನ್ನಿಸಿ ನೋಡಿ. ಕನ್ನಡಿ ಮಂಜಾದರೆ ಗಾಳಿ ಮೂಗಿನಿಂದ ಸೋರುತ್ತಿದೆ.

ಸ್ಪೀಚ್ ಥೆರಪಿಸ್ಟ್ ಹೇಳಿಕೊಟ್ಟಂತೆ ಮನೆಯಲ್ಲೂ ಮಾಡಿಸಿ. ಮಗುವಿನ ಅಂಗೈಯನ್ನು ನಿಮ್ಮ ಬಾಯಿಯ ಮುಂದೆ ಹಿಡಿದು ‘ಪ’ ಅನ್ನಿ, ಗಾಳಿ ತಾಗಲಿ. ಈಗ ಅದರದೇ ಬಾಯಿ, ಅದರದೇ ಅಂಗೈ. ಬರದಿದ್ದರೆ ಮೂಗನ್ನು ಮೆಲ್ಲಗೆ ಒತ್ತಿ ಹಿಡಿದು ಅನ್ನಿಸಿ, ಆಮೇಲೆ ಬಿಟ್ಟು ಅನ್ನಿಸಿ. ‘ಪ’ ಗಟ್ಟಿಯಾದ ಮೇಲೆ ‘ಪಾ, ಪೂ’, ಆಮೇಲೆ ‘ಅಪ್ಪ’, ಆಮೇಲೆ ‘ಅಪ್ಪ ಬಾ’. ಶುರುವಿಗೆ ಮ, ನ ಇರುವ ಪದ ಬೇಡ. ದಿನಕ್ಕೆ ಎರಡು ಸಲ, ಹತ್ತತ್ತು ನಿಮಿಷ, ಆಟದಂತೆ. ಬಲೂನು ಊದಿಸು, ಪೀಪಿ ಊದಿಸು ಎನ್ನುವವರಿದ್ದಾರೆ. ಅದರಿಂದ ಊದುವುದು ಬರುತ್ತದೆ, ಮಾತು ಬರುವುದಿಲ್ಲ.

ತಿಂಗಳುಗಟ್ಟಲೆ ಮಾಡಿಸಿದರೂ ಕನ್ನಡಿ ಮಂಜಾಗುತ್ತಲೇ ಇದ್ದರೆ ಮಗುವನ್ನು ಗದರಬೇಡಿ. ಅಂಗುಳದ ಹಿಂಭಾಗ ಸರಿಯಾಗಿ ಮುಚ್ಚುತ್ತಿಲ್ಲದಿರಬಹುದು, ಕೆಲವರಿಗೆ ಇನ್ನೊಂದು ಆಪರೇಷನ್ ಬೇಕಾಗುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದನ್ನು ಪರೀಕ್ಷಿಸುತ್ತಾರೆ. ಹೋಗುವಾಗ ಮಗು ಮನೆಯಲ್ಲಿ ಮಾತಾಡಿದ್ದನ್ನು ಮೊಬೈಲಲ್ಲಿ ರೆಕಾರ್ಡ್ ಮಾಡಿಕೊಂಡು ಹೋಗಿ. ಹೊಸ ಜಾಗದಲ್ಲಿ ಎಷ್ಟೋ ಮಕ್ಕಳು ಬಾಯೇ ಬಿಡುವುದಿಲ್ಲ.